ಮಗಳನ್ನ ಕೇಳಿ ಹೇಳಿದ್ರಾ?

ಮೈಕ್ ಹಿಡಿದ ಆ ಮೇಡಂ ಆಡಿದ ಮೊದಲ ಮಾತು ಇಷ್ಟೇ: "ನನ್ನ ಮಗಳು ನನ್ನ ಹತ್ರ ಮಾತು ಬಿಟ್ಟು ಎರಡು ತಿಂಗಳಾಯ್ತು ರೀ."

ಎದುರಿಗೆ ಕೂತಿದ್ದ ಇಪ್ಪತ್ತು ಜನ ಲೈಫ್ ಕೋಚ್‌ಗಳು ಥಟ್ಟನೆ ಪೆನ್ನು ತೆಗೆದು ಅದನ್ನು ಬರೆದುಕೊಂಡರು. ಒಬ್ಬರು ಕೆಳಗೆ ಗೆರೆಯನ್ನೂ ಎಳೆದರು. ಉಪನ್ಯಾಸದ ಮೊದಲ ಉದಾಹರಣೆ ಎಂದುಕೊಂಡಿದ್ದರು.

ಅದು ಉದಾಹರಣೆಯಲ್ಲ, ಅವರ ಮನೆಯ ಸಂಕಟ ಎಂದು ಆ ಹಾಲ್‌ನಲ್ಲಿ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ. ಒಬ್ಬರು ಆ ಮೇಡಂ. ಇನ್ನೊಬ್ಬಳು ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ ನಾನು. ಈ ಎಡವಟ್ಟು ಮಾಡಿದವಳೇ ನಾನು. (ಮೇಡಂ ಹೆಸರು, ಊರು ಹೇಳುತ್ತಿಲ್ಲ. ಯಾಕೆ ಅನ್ನುವುದು ಕೊನೆಗೆ ಗೊತ್ತಾಗುತ್ತದೆ.)

ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು. ಈ ನಾಲ್ಕು ತಾಲ್ಲೂಕಿನ ಲೈಫ್ ಕೋಚ್‌ಗಳು ಸೇರಿ ಒಂದು ಬಳಗ ಕಟ್ಟಿಕೊಂಡಿದ್ದಾರೆ. ನಮ್ಮ ಕಡೆಗೂ ಬಂದರಾ ಎಂದು ಹುಬ್ಬೇರಿಸಬೇಡಿ. ಬಂದು ವರ್ಷಗಳಾದವು. ನಿಮ್ಮ ಕಷ್ಟ ಕೇಳುತ್ತಾರೆ, ಪ್ರಶ್ನೆ ಹಾಕುತ್ತಾರೆ, ನಿಮ್ಮ ದಾರಿ ನೀವೇ ಹುಡುಕಿಕೊಳ್ಳುವ ಹಾಗೆ ಮಾಡುತ್ತಾರೆ. ಬಳಗ ನಡೆಸುವ ನ್ಯಾಮತಿಯ ಶೈಲಾ ನನ್ನ ಹೈಸ್ಕೂಲ್ ಗೆಳತಿ. ಸವಳಂಗದಲ್ಲಿರುವ ಅವಳ ಮಾವನವರು ಕೇಳಿದವರಿಗೆಲ್ಲ "ನಮ್ಮ ಸೊಸೆ ಮಾತಾಡೋ ಕೆಲಸ ಮಾಡ್ತಾಳ್ರಿ" ಅನ್ನುತ್ತಾರೆ. "ಅದಕ್ಕೂ ಫೀಸ್ ಐತಾ?" ಅಂದರೆ, "ಐತಂತೆ. ಮನೇನಾಗೆ ಮಾತ್ರ ಫ್ರೀ."

"ನೀನು ಹೆಂಗೂ ಪೇಪರ್‌ಗೆ ಬರೀತೀಯಲ್ಲೇ, ನಮಗೊಂದು ಸುದ್ದಿ ಪುಟ ಮಾಡ್ಕೊಡು" ಎಂದು ಶೈಲಾ ಗಂಟುಬಿದ್ದಳು. ಒಪ್ಪಿಕೊಂಡೆ. ತಿಂಗಳಿಗೊಂದು ಪುಟ. ಸದಸ್ಯರು ತಮ್ಮ ಸುದ್ದಿಯನ್ನು ನನಗೆ ವಾಟ್ಸಾಪ್ ಮಾಡುತ್ತಾರೆ, ನಾನು ತಿದ್ದಿ ಜೋಡಿಸಿ ಗ್ರೂಪ್‌ಗೆ ಹಾಕುತ್ತೇನೆ. ನಿಯಮ ಒಂದೇ, ಎಲ್ಲವೂ ಪಾಸಿಟಿವ್ ಇರಬೇಕು. ಜಗಳೂರಿನ ಕಾಲೇಜಿನಲ್ಲಿ ಆತ್ಮವಿಶ್ವಾಸದ ಶಿಬಿರ ಆಯಿತು, ಚಪ್ಪಾಳೆ. ನಲ್ಲೂರಿನಲ್ಲಿ ಅಡಿಕೆ ಸುಲಿಯುವ ಹೆಂಗಸರಿಗೆ ಟೈಮ್ ಮ್ಯಾನೇಜ್‌ಮೆಂಟ್ ಪಾಠ ಆಯಿತು, ಚಪ್ಪಾಳೆ. (ಒಂದು ಗಂಟೆ ಸುಲಿಯುತ್ತಲೇ ಪಾಠ ಕೇಳಿದ ಆ ಹೆಂಗಸರು ಕೊನೆಗೆ "ಸುಮ್ನೆ ನಿಂತು ಮಾತಾಡೋ ಬದ್ಲು ನೀವೂ ನಾಕು ಸುಲೀಬೌದಿತ್ತಲ್ರಿ" ಅಂದರಂತೆ. ಇದನ್ನು ನಾನು ಸುದ್ದಿಯಲ್ಲಿ ಹಾಕಲಿಲ್ಲ.)

ಹೀಗಿರುವಾಗ ಆ ಮೇಡಂ ಒಂದು ಮೆಸೇಜ್ ಕಳಿಸಿದರು. "ಮಗಳು ನನ್ನ ಹತ್ರ ಮಾತು ಬಿಟ್ಟಿದಾಳೆ. ಏನು ಮಾಡಾಕೂ ತೋಚ್ತಿಲ್ಲ. ಮುಂದಿನ ಮೀಟಿಂಗ್‌ನಾಗೆ ಇದನ್ನ ಮಾತಾಡಾಕೆ ಟೈಮ್ ಕೊಡ್ತೀರಾ?"

ಓದಿದೆ. ಅರ್ಥವೂ ಆಯಿತು. ಆದರೆ ಪಾಸಿಟಿವ್ ನಿಯಮಕ್ಕೆ ಏನು ಮಾಡುವುದು? ಎರಡು ಪದ ಆಚೆ, ಎರಡು ಪದ ಈಚೆ ಮಾಡಿ ಹಾಕಿದೆ: "ಮಾತು ಬಿಟ್ಟ ಮಕ್ಕಳು. ಮುಂದಿನ ಸಭೆಯಲ್ಲಿ ವಿಶೇಷ ಉಪನ್ಯಾಸ." ಕೆಳಗೆ ಅವರ ಹೆಸರು. ಅವರ ಮರ್ಯಾದೆ ಉಳಿಸಿದೆ ಅಂತಲೇ ಅಂದುಕೊಂಡಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಪುಟ ಹಾಕಿದ ತಕ್ಷಣ ಗ್ರೂಪ್‌ನಲ್ಲಿ ಸಾಲು ಸಾಲು ಚಪ್ಪಾಳೆ ಎಮೋಜಿ ಬಂದವು. ಆ ಮೇಡಂ ಕೂಡ ಒತ್ತಿದ್ದರು. ಅಂದರೆ ಅವರೂ ಓದಿರಲಿಲ್ಲ. ಸುದ್ದಿ ಪುಟವನ್ನು ಯಾರು ತಾನೇ ಓದುತ್ತಾರೆ?

ಸಭೆ ಇದ್ದದ್ದು ಹೊನ್ನಾಳಿಯ ಒಂದು ಹೋಟೆಲಿನ ಮಹಡಿ ಮೇಲೆ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ ಎಲ್ಲ ಆಯಿತು. ಮೇಡಂ ಬಂದವರೇ, ನನ್ನ ಪುಟ ನೋಡಿ ಶೈಲಾ ಗೋಡೆಗೆ ಹಾಕಿಸಿದ್ದ ಬ್ಯಾನರ್ ನೋಡಿದರು. ಅವರ ಹೆಸರು, ಅವರ ಫೋಟೋ, ವಿಶೇಷ ಉಪನ್ಯಾಸ. ನನ್ನ ಕಡೆ ತಿರುಗಿ "ಇದೇನ್ರಿ ಇದು?" ಅಂದರು. ನಾನು ಹಲ್ಲು ಗಿಂಜಿದೆ. ಅಷ್ಟರಲ್ಲಿ ಶೈಲಾ ಮೈಕ್ ಕೊಟ್ಟಾಗಿತ್ತು.

ಅವರು ಮೊದಲ ಮಾತು ಹೇಳಿದರು. ಎಲ್ಲರೂ ಬರೆದುಕೊಂಡರು. ಆಗ ಅವರು ಮೈಕ್ ಕೆಳಗಿಟ್ಟರು.

"ಬರ್ಕೋಬೇಡ್ರಿ. ಪಾಠ ಮಾಡಾಕೆ ಬಂದಿಲ್ಲ ನಾನು. ನಿಜವಾಗ್ಲೂ ಮಾತು ಬಿಟ್ಟಿದಾಳೆ. ಹದಿನಾರು ವರ್ಷದೋಳು. ಊಟಕ್ಕೆ ಬಾ ಅಂದ್ರೆ ಗೋಡೆ ನೋಡ್ತಾಳೆ. ನಾನು ಎದುರಿಗೇ ನಿಂತಿದ್ರೂ ಅವರಪ್ಪಗೆ 'ಹಾಲು ಖಾಲಿ ಅಂತ ಅಮ್ಮಗೆ ಹೇಳು' ಅಂತಾಳೆ. ಊರಿನ ತಾಯಂದಿರಿಗೆಲ್ಲ ಮಕ್ಕಳ ಜೊತೆ ಹೆಂಗೆ ಮಾತಾಡಬೇಕು ಅಂತ ಹೇಳ್ಕೊಡೋಳು ನಾನು."

ಕೋಚ್‌ಗಳು ತಮಗೆ ತಿಳಿದಿದ್ದನ್ನೇ ಮಾಡಿದರು. ಒಬ್ಬರು "ನಿಮ್ಮ ಗೋಲ್ ಏನು ಮೇಡಂ?" ಅಂದರು. ಇನ್ನೊಬ್ಬರು "ಒಂದರಿಂದ ಹತ್ತರೊಳಗೆ ನಿಮ್ಮ ನೋವಿಗೆ ಎಷ್ಟು ಮಾರ್ಕ್ಸ್ ಕೊಡ್ತೀರಿ?" ಎಂದು ಕೇಳಿದರು. ಪಾಪ, ಕೆಟ್ಟ ಮನಸ್ಸಿನಿಂದ ಅಲ್ಲ. ಕೈಗೆ ಸಿಕ್ಕ ಸಾಮಾನು ಅದೇ.

"ಮಾರ್ಕ್ಸ್ ಬ್ಯಾಡ್ರಿ, ಕೈ ಮುಗೀತೀನಿ" ಅಂದರು ಮೇಡಂ.

ಜಗಳ ಏತಕ್ಕೆ ಆಯಿತು ಎಂದು ಶೈಲಾ ಮೆಲ್ಲಗೆ ಕೇಳಿದಳು. ಒಂದು ಕಾರ್ಯಕ್ರಮದಲ್ಲಿ ಮೇಡಂ ಮಗಳ ವಿಷಯವೊಂದನ್ನು ಉದಾಹರಣೆಯಾಗಿ ಹೇಳಿದ್ದರಂತೆ. ಒಳ್ಳೆಯ ಚಪ್ಪಾಳೆ ಬಿತ್ತಂತೆ. ಮರುದಿನ ಕಾಲೇಜಿನಲ್ಲಿ ಆ ಹುಡುಗಿಯನ್ನು ಎಲ್ಲರೂ ಅದನ್ನೇ ಕೇಳಿದರಂತೆ.

"ಏನು ವಿಷಯ ಅದು?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಅದನ್ನ ಹೇಳಿದ್ದಕ್ಕೇ ಹಿಂಗಾಗಿರೋದು ರೀ!"

ಚನ್ನಗಿರಿಯ ರುದ್ರಪ್ಪ ಮೇಷ್ಟ್ರು ಎದ್ದು ನಿಂತರು. ನಿವೃತ್ತ ಪಿಟಿ ಮೇಷ್ಟ್ರು, ಬಳಗದಲ್ಲಿ ಎಲ್ಲರಿಗಿಂತ ಹಿರಿಯರು, ಮಾತು ಕಮ್ಮಿ. "ತಾಯೀ, ಮಗಳನ್ನ ಕೇಳಿ ಹೇಳಿದ್ರಾ, ಕೇಳ್ದೆ ಹೇಳಿದ್ರಾ?"

"ಕೇಳ್ಲಿಲ್ಲ ಸರ್. ನನ್ನ ಮಗಳಲ್ವಾ ಅಂದ್ಕೊಂಡೆ."

"ನಾವ್ಯಾರು ಕೇಳಿದೀವಿ ಬಿಡ್ರಿ" ಎಂದು ಮೇಷ್ಟ್ರು ಕೂತುಬಿಟ್ಟರು. ಶೈಲಾ ತಲೆ ತಗ್ಗಿಸಿದಳು. ಅವಳ ಪಿಪಿಟಿಯ ಮೂರನೇ ಸ್ಲೈಡ್‌ನಲ್ಲಿ ಅವಳ ಮಗ ಅಳುತ್ತಿರುವ ಫೋಟೋ ಇದೆ. ಕೋಪ ನಿಭಾಯಿಸುವುದು ಹೇಗೆ ಎಂಬ ಪಾಠಕ್ಕೆ ಅವನೇ ಉದಾಹರಣೆ. ನಾಲ್ಕು ತಾಲ್ಲೂಕಿಗೂ ಗೊತ್ತು ಆ ಅಳು. ಒಬ್ಬೊಬ್ಬರಾಗಿ ನೋಟ್‌ಬುಕ್ ಮುಚ್ಚಿದರು. ಆಮೇಲೆ ನಡೆದದ್ದು ಸಭೆಯಲ್ಲ. ಕುರ್ಚಿ ಎಳೆದುಕೊಂಡು ಸುತ್ತ ಕೂತು ಮಾತಾಡಿದರು. ಗೋಲ್ ಇಲ್ಲ, ಮಾರ್ಕ್ಸ್ ಇಲ್ಲ. ಇಷ್ಟು ತಿಂಗಳಲ್ಲಿ ಅವರು ನಿಜವಾಗಿ ಕೋಚ್‌ಗಳ ಹಾಗೆ ಕಂಡದ್ದು ನನಗೆ ಅವತ್ತೇ.

ಮನೆಗೆ ಬಂದವಳೇ ಬರೆಯಲು ಕೂತೆ. ಎಂಥ ಒಳ್ಳೆಯ ಅಂಕಣ! ಅರ್ಧ ಬರೆದ ಮೇಲೆ ಮೇಷ್ಟ್ರ ಪ್ರಶ್ನೆ ನನ್ನನ್ನೇ ಹಿಡಿದುಕೊಂಡಿತು. ಮೇಡಂಗೆ ಫೋನ್ ಮಾಡಿದೆ. "ನನ್ನನ್ನ ಕೇಳಬೇಡ್ರಿ, ಅವಳನ್ನ ಕೇಳ್ರಿ" ಅಂದರು. ಮೇಲಿನದ್ದಷ್ಟನ್ನೂ ಬರೆದು ಅವರಿಗೆ ಕಳಿಸಿದೆ, ಮಗಳು ಬೇಡ ಅಂದರೆ ಹರಿದುಹಾಕುತ್ತೇನೆ ಎಂದು ಕೆಳಗೆ ಸೇರಿಸಿದೆ. ಅವರು ಅದನ್ನು ತೆರೆದು ಫೋನನ್ನು ಮಗಳ ಟೇಬಲ್ ಮೇಲಿಟ್ಟು ಬಂದರಂತೆ.

ಎರಡು ದಿನ ಸುದ್ದಿಯಿಲ್ಲ. ಮೂರನೇ ದಿನ ಬೆಳಿಗ್ಗೆ ಮೇಡಂ ಫೋನ್. ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯಲಿಲ್ಲ.

"ಅಡುಗೆಮನೆ ಬಾಗಿಲಿಗೆ ಬಂದು ನಿಂತ್ಲು ರೀ. 'ಹಾಕಿದ್ರೆ ಹಾಕ್ಲಿ, ಹೆಸರು, ಊರು ಬ್ಯಾಡ ಅಂತ ಹೇಳು. ಆಮೇಲೆ ನಾನು ನೋಡ್ತಿದ್ದದ್ದು ಗೋಡೆ ಅಲ್ಲ, ಕ್ಯಾಲೆಂಡರು. ನೀನು ಯಾವತ್ತು ಸಾರಿ ಕೇಳ್ತೀಯಾ ಅಂತ ದಿನ ಎಣಿಸ್ತಿದ್ದೆ' ಅಂದ್ಲು. ನನಗೇ ಅಂದ್ಲು ರೀ! ಅವರಪ್ಪನ ಹತ್ರ ಅಲ್ಲ."

"ನೀವೇನಂದ್ರಿ?"

"ಇನ್ನೇನಂತೀನಿ? ಸಾರಿ ಅಂದೆ. ಹಾಲು ಉಕ್ಕಿ ಹೋಯ್ತು, ಹೋಗ್ಲಿ ಬಿಡ್ರಿ."

ಫೋನ್ ಇಟ್ಟ ಮೇಲೆ ನನ್ನ ಮಗ ನೆನಪಾದ. ಅವನ ಜಿರಲೆ ಭಯ, ಗಣಿತದಲ್ಲಿ ಫೇಲಾದದ್ದು, ಮೊದಲ ಸಲ ಮೀಸೆ ಬೋಳಿಸಿ ತುಟಿ ಕೊಯ್ದುಕೊಂಡದ್ದು ಎಲ್ಲವೂ ನಿಮಗೆ ಗೊತ್ತು. ಎಲ್ಲ ಇದೇ ಜಾಗದಲ್ಲಿ ನಾನೇ ಬರೆದದ್ದು. ನೀವು ನಕ್ಕಿದ್ದೀರಿ, ಫೋನ್ ಮಾಡಿ ಮೆಚ್ಚಿದ್ದೀರಿ.

ನಿನ್ನೆ ಮೊದಲ ಸಲ ಅವನನ್ನು ಕೇಳಿದೆ, ಇನ್ನು ನಿನ್ನ ವಿಷಯ ಬರೆಯಲಾ ಎಂದು. "ಯೋಚ್ನೆ ಮಾಡಿ ಹೇಳ್ತೀನಿ" ಅಂದಿದ್ದಾನೆ.

ಅವನು ಬೇಡ ಅಂದರೆ, ನನ್ನದು ಅಂತ ಹೇಳಿಕೊಳ್ಳಲು ನನ್ನ ಹತ್ತಿರ ಯಾವ ಕಥೆ ಉಳಿದಿದೆ?