ಒಂದಕ್ಷರದ ಧರಣೇಂದ್ರ

ಅಗಸ್ತ್ಯ ಮುನಿ ಸಮುದ್ರವನ್ನೇ ಒಂದು ಆಪೋಶನದಲ್ಲಿ ಮುಗಿಸಿದನಂತೆ. ಅದೇನು ಮಹಾ? ಪುಂಜಾಲಕಟ್ಟೆಯ ಧರಣೇಂದ್ರ ಕಂಪ್ಯೂಟರನ್ನೇ ತೋರುಬೆರಳೊಂದರಲ್ಲಿ ಮುಗಿಸಿದ್ದ. ಅವನ ಎರಡನೇ ಬೆರಳು ಕೆಲಸ ಮಾಡಿದ್ದನ್ನು ಕಂಡವರಿಲ್ಲ. ಹಾಜರಿ ಪುಸ್ತಕದಲ್ಲಿ ಸಹಿ ಕೂಡ ‘ಧ’, ಅಷ್ಟೇ.

ತೊಂಬತ್ತಾರರ ಮಾತು. ಆಗ ಕಂಪ್ಯೂಟರಿನಿಂದ ಏನು ಮಾಡಿಸಬೇಕಾದರೂ ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಉದ್ದುದ್ದ ಆಜ್ಞೆ ಟೈಪು ಮಾಡಬೇಕಿತ್ತು. ಮೂಡುಬಿದಿರೆಯ ಗುರುವಪ್ಪನವರ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಕಂಪ್ಯೂಟರ್ ಬಂದಾಗ ಅದನ್ನು ನೋಡಿಕೊಳ್ಳಲು ಸೇರಿದ ಈ ಮಹಾಪುರುಷ, ಪುಸ್ತಕ ನೋಡಿ ಒಂದೊಂದು ಆಜ್ಞೆಯನ್ನೂ ಒಮ್ಮೆ ಬರೆದು, ಅದಕ್ಕೊಂದು ಅಕ್ಷರದ ಹೆಸರಿಟ್ಟು ಒಳಗೆ ಉಳಿಸಿಬಿಟ್ಟ. ಮತ್ತೆ ಪಿ ಹೊಡೆದರೆ ಪ್ರಿಂಟು, ಕೆ ಹೊಡೆದರೆ ಫ್ಲಾಪಿಗೆ ನಕಲು. ಹೊಡೆದು, ಕುರ್ಚಿಗೆ ಒರಗಿ, ಲೋಕೋದ್ಧಾರ ಮುಗಿಸಿದವನಂತೆ ಫ್ಯಾನು ನೋಡುತ್ತಿದ್ದ. ಇಂಥ ಸೋಮಾರಿತನವನ್ನು ಅಡುಗೆಮನೆಯಲ್ಲಿ ತೋರಿಸಿದ್ದರೆ ಗಂಜಿಯೂ ಸಿಗುತ್ತಿರಲಿಲ್ಲ. ಕಂಪ್ಯೂಟರಿನ ಮುಂದೆ ತೋರಿಸಿದ್ದಕ್ಕೆ ಪ್ರತಿಭೆ ಎಂಬ ಹೆಸರು ಬಂತು.

ಆ ಹೆಸರು ಕೊಟ್ಟವರು ಗುರುವಪ್ಪನವರೇ. ಶೀಘ್ರಲಿಪಿಯಲ್ಲಿ ಸೀನಿಯರ್ ಪಾಸಾದ ಅವರಿಗೆ, ಸಣ್ಣದಾಗಿ ಬರೆಯುವವನಿಗೆ ಉದ್ದದ್ದು ಗೊತ್ತಿದ್ದೇ ಇರುತ್ತದೆ ಎಂಬ ನಂಬಿಕೆ.

ಅಷ್ಟರಲ್ಲಿ ಟೈಪ್‌ರೈಟರುಗಳನ್ನೆಲ್ಲ ಮಾರಿ ಕಂಪ್ಯೂಟರ್ ಕ್ಲಾಸು ಮಾತ್ರ ನಡೆಸುವುದೆಂದು ಅವರು ತೀರ್ಮಾನಿಸಿದರು. ಉಳಿಯುವುದು ಒಬ್ಬರೇ ಟೀಚರು. ಟೈಪಿಂಗ್ ಕಲಿಸುತ್ತಿದ್ದ ಪದ್ಮಾಕ್ಷಿಗೆ ಬೇರೆ ಸಂಪಾದನೆ ಇರಲಿಲ್ಲ. ಸಂಜೆ ಕ್ಲಾಸು ಬಿಟ್ಟ ಮೇಲೆ ಕೂತು ಆಜ್ಞೆಗಳನ್ನು ಪೂರ್ತಿ ಪೂರ್ತಿ ಟೈಪು ಮಾಡಿ ಕಲಿತರು.

“ಇಷ್ಟುದ್ದ ಯಾಕೆ ಟೀಚರ್? ಕಂಪ್ಯೂಟರಿಗೆ ಕಾಗದ ಬರೆಯುವುದಾ ನೀವು?” ಎಂದ ಧರಣೇಂದ್ರ.

“ಒಂದೇ ಬೆರಳಿಗೆ ಬೆವರಲಿಕ್ಕೆ ನಾನು ನೀನಲ್ಲ ಮಾರಾಯ. ನನಗೆ ಹತ್ತುಂಟು.”

ಗುರುವಪ್ಪನವರು ಮಂಗಳೂರಿನಿಂದ ಹೊಸದೊಂದು ಕಂಪ್ಯೂಟರ್ ತರಿಸಿ ಇಬ್ಬರನ್ನೂ ಕರೆದರು. “ಇದರಲ್ಲಿರುವ ಪ್ರಶ್ನೆಪತ್ರಿಕೆ ಫ್ಲಾಪಿಗೆ ಹಾಕಿ. ಬೇಗ ಮಾಡಿದವರಿಗೆ ಕೆಲಸ.”

ಧರಣೇಂದ್ರ ಮೊದಲು ಕೂತ. “ಬೇಜಾರು ಮಾಡಬೇಡಿ ಟೀಚರ್” ಎಂದು ಕೆ ಹೊಡೆದ. ಅಂಥ ಆಜ್ಞೆಯೇ ಇಲ್ಲ ಎಂದಿತು ಯಂತ್ರ. ಅವನ ಅಕ್ಷರಗಳೆಲ್ಲ ಹಳೆಯ ಕಂಪ್ಯೂಟರಿನಲ್ಲೇ ಉಳಿದಿದ್ದವು. ಮತ್ತೆ ಹೊಡೆದ, ಈ ಸಲ ಜೋರಾಗಿ, ಕಿವಿ ಕೇಳದವರನ್ನು ಕರೆಯುವಂತೆ. ಯಂತ್ರ ಅದೇ ಉತ್ತರ ಕೊಟ್ಟಿತು.

ಪದ್ಮಾಕ್ಷಿ ಅವನನ್ನು ಏಳಿಸಿ ಕೂತು, ಇಡೀ ಸಾಲನ್ನು ಟಕಟಕನೆ ಹೊಡೆದರು. ಫ್ಲಾಪಿ ಕಿರ್ರೆಂದು ತಿರುಗಿತು.

ಗುರುವಪ್ಪನವರು ಆಗಲೂ ನಂಬಿಕೆ ಬಿಡಲಿಲ್ಲ. “ಸಣ್ಣದು ಮಾಡಿದವನು ನೀನೇ ಅಲ್ವಾ? ಉದ್ದದ್ದು ಹೊಡಿಲಿಕ್ಕೆ ನಿನಗೇನಾಗಿತ್ತು?”

“ಉದ್ದದ್ದು ನೆನಪಿರುವುದಿಲ್ಲ ಸರ್. ಅದಕ್ಕೇ ಸಣ್ಣದು ಮಾಡಿದ್ದು.”