ಹಳೇ ಸ್ಪೋರ್ಟ್ಸ್ ಕಾರಿಗೆ ದಿನಾ ಭಾಲ್ಕಿ ಡ್ಯೂಟಿ

ಬೆಳಗಿನ ಆರು ಗಂಟೆ. ಬೀದರಿನ ಹಳೆ ಊರಿನ ಓಣಿಯೊಂದರಲ್ಲಿ ಬೋರ್ಡಿಲ್ಲದ ಗ್ಯಾರೇಜು. ಶಟರ್ ಅರ್ಧ ಮಾತ್ರ ಎತ್ತಿದೆ. ಒಳಗೆ ಸೊಂಟದೆತ್ತರವೂ ಇಲ್ಲದ, ಎರಡೇ ಸೀಟಿನ ಕೆಂಪು ಕಾರಿನ ಬಾನೆಟ್ ತೆರೆದು ಸಲಾವೋದ್ದೀನ ಬಗ್ಗಿ ನಿಂತಿದ್ದಾರೆ. ಎಂಜಿನ್ ಓಡುತ್ತಿದೆ. ಅವರ ಕೈಯಲ್ಲೊಂದು ರಬ್ಬರ್ ಪೈಪು. ಒಂದು ತುದಿ ಕಿವಿಯಲ್ಲಿ, ಇನ್ನೊಂದು ತುದಿ, ಎಂಜಿನ್ನಿಗೆ ಗಾಳಿ-ಪೆಟ್ರೋಲು ಬೆರೆಸಿ ಕೊಡುವ ಜೋಡಿ ಕಾರ್ಬೊರೇಟರುಗಳಲ್ಲಿ ಒಂದರ ಬಾಯಿಯ ಹತ್ತಿರ. ಒಂದರ ಸದ್ದು ಕೇಳುತ್ತಾರೆ, ಪಕ್ಕದ್ದನ್ನು ಕೇಳುತ್ತಾರೆ, ಸ್ಕ್ರೂವನ್ನು ಒಂದಿಷ್ಟೇ ತಿರುಗಿಸುತ್ತಾರೆ.

“ಎರಡೂ ಒಂದೇ ಸಮ ಉಸಿರು ತಗೋಬೇಕ್ರಿ. ಒಂದು ಜಾಸ್ತಿ ಎಳೀತಂದ್ರ ಗಾಡಿ ಕೆಮ್ಮತದ,” ಎನ್ನುತ್ತಾರೆ, ಪೈಪನ್ನು ಕಿವಿಯಿಂದ ತೆಗೆಯದೆ.

ಕಾರಿಗೆ ಅರವತ್ತರ ಮೇಲೆ ವಯಸ್ಸು. ಬಣ್ಣ ಮಾಸಿ ಇಟ್ಟಿಗೆಯಂತಾಗಿದೆ. ಬಾಗಿಲ ಮೇಲೆ ಉದ್ದನೆಯ ಗೀರು ಹಾಗೆಯೇ ಇದೆ. ಅದನ್ನು ತೋರಿಸಿದರೆ ಸಲಾವೋದ್ದೀನ ನಗುತ್ತಾರೆ: “ಬಣ್ಣ ಓಡಂಗಿಲ್ರಿ, ಎಂಜಿನ್ ಓಡ್ತದ. ನಾ ಮೊದಲು ಬ್ರೇಕ್ ಮಾಡ್ದೆ.”

ಐವತ್ತೆಂಟರ ಸಲಾವೋದ್ದೀನ ಹದಿನಾಲ್ಕನೇ ವಯಸ್ಸಿಗೆ ಲಾರಿ ಗ್ಯಾರೇಜಿನಲ್ಲಿ ಸ್ಪಾನರ್ ಹಿಡಿದವರು. ಈಗ ದಿನಕ್ಕೆ ಏಳೆಂಟು ಗಾಡಿ ಅವರ ಕೈ ಹಾಯುತ್ತವೆ. ಹೆಚ್ಚಿನವು ಆಟೊ, ಟೆಂಪೊ, ಜೀಪು. ಹನ್ನೆರಡು ವರ್ಷದ ಹಿಂದೆ ಜಾಕ್ ಜಾರಿ ಎಡಗೈಯ ಎರಡು ಬೆರಳು ಜಜ್ಜಿಹೋದವು. ಎಂಟು ತಿಂಗಳು ಶಟರ್ ಏಳಲಿಲ್ಲ. ಹೆಂಡತಿ ಫಕ್ರುನ್ನಿಸಾ ಅವರ ಹೊಲಿಗೆ ಮಷೀನೇ ಮನೆ ನಡೆಸಿತು. ಬೆರಳುಗಳಿಗೆ ಸ್ಪರ್ಶ ಪೂರ್ತಿ ಮರಳಲಿಲ್ಲವಾದ್ದರಿಂದ, ಎಂಜಿನ್ ಭಾಗಗಳ ನಡುವೆ ಸೋರದಂತೆ ಹಾಕುವ ಕಾಗದದ ಪ್ಯಾಕಿಂಗನ್ನು ಇಂದಿಗೂ ಕತ್ತರಿಸಿಕೊಡುವುದು ಹೆಂಡತಿಯೇ.

“ಬ್ಲೌಸಿನ ಕೊರಳು ಕತ್ತರಿಸೋಕಿಂತ ಇದು ಸಸಾರ ಅದಾರಿ. ಎಂಜಿನ್ ಟೈಟ್ ಆಯ್ತು, ಲೂಸ್ ಆಯ್ತು ಅಂತ ತಕರಾರು ಮಾಡಂಗಿಲ್ಲ,” ಎನ್ನುತ್ತಾರೆ ಫಕ್ರುನ್ನಿಸಾ. ಈ ಕಾರಿನ ಕ್ಯಾನ್ವಾಸ್ ಮೇಲ್ಹೊದಿಕೆಯನ್ನು ಹೊಲಿದದ್ದೂ ಅವರೇ.

ಕಾರು ಔರಾದಿನ ಕಾಶೀರಾಮ ಅವರದು. ಡಾಕ್ಟರೊಬ್ಬರಲ್ಲಿ ಡ್ರೈವರ್ ಆಗಿದ್ದವರು, ಈಗ ಎಪ್ಪತ್ತೆಂಟು. ಡಾಕ್ಟರು ಊರು ಬಿಡುವಾಗ ಕೆಟ್ಟು ನಿಂತಿದ್ದ ಈ ಕಾರನ್ನು ಅವರಿಗೇ ಕೊಟ್ಟುಹೋದರು. ಮೂವತ್ತೊಂದು ವರ್ಷ ಅದು ತಗಡಿನ ಶೆಡ್ಡಿನಲ್ಲಿತ್ತು. ಹಳೆ ಕಾರು ಸಂಗ್ರಹಿಸುವ ಸಾಹುಕಾರರೊಬ್ಬರು ಕಳೆದ ವರ್ಷ ಬಂದು, ಫಳಫಳ ಬಣ್ಣ ಹೊಡೆಸಿ ಗಾಜಿನ ಹಾಲ್‌ನಲ್ಲಿ ನಿಲ್ಲಿಸುತ್ತೇನೆ, ಕೊಡಿ ಎಂದರು. ಕಾಶೀರಾಮ ಒಪ್ಪುವವರಿದ್ದರು. ತಡೆದವರು ಮಗಳು ಆಮ್ರಪಾಲಿ. ಬೀದರಿನಲ್ಲಿ ಮನೆ, ಭಾಲ್ಕಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು.

“ನಾ ಇದರಾಗ ಸಾಲಿಗಿ ಹೋಗ್ತೇನಿ ಅಂದೆ. ಅಪ್ಪ ನಕ್ಕ. ಬ್ಯಾಸಗಿ ಸೂಟಿ ಮುಗದು ಸಾಲಿ ಶುರು ಆಗೋದ್ರಾಗ ಭಾಲ್ಕಿಗಿ ಹೋಗಿ ಬಂದು ತೋರ್ಸು, ಇಲ್ಲಾಂದ್ರ ಸಾಹುಕಾರಗ ಕೊಡ್ತೇನಿ ಅಂದ,” ಎಂದು ಆಮ್ರಪಾಲಿ ನೆನೆಯುತ್ತಾರೆ.

ಇಬ್ಬರು ಮೆಕ್ಯಾನಿಕ್ಕುಗಳು ಕೈ ಚೆಲ್ಲಿದ ಮೇಲೆ ಕಾರು ಸಲಾವೋದ್ದೀನರ ಬಳಿ ಬಂತು. ಐದು ತಿಂಗಳ ಕೆಲಸ. ತುಕ್ಕು ತಿಂದ ಬ್ರೇಕ್ ಸಿಲಿಂಡರುಗಳಿಗೆ ಲೇತಿನಲ್ಲಿ ಹಿತ್ತಾಳೆಯ ಒಳಗೊಳವೆ ಮಾಡಿಸಿದರು. ಇಲಿ ಕಡಿದ ವೈರುಗಳನ್ನು ಕಿತ್ತು ಹೊಸದು ಎಳೆದರು. ಪಿಸ್ಟನ್, ಕ್ಲಚ್, ಸ್ಟೀರಿಂಗ್ ಒಂದೊಂದನ್ನೂ ಬಿಚ್ಚಿ ಕೂಡಿಸಿದರು.

ಮೇ ನಡುವಿನ ಒಂದು ಮಧ್ಯಾಹ್ನ ಮೊದಲ ಪರೀಕ್ಷೆ, ಬೀದರಿನಿಂದ ಔರಾದಿಗೆ. ಆಮ್ರಪಾಲಿ ಸ್ಟೀರಿಂಗ್ ಹಿಡಿದಿದ್ದರು, ಪಕ್ಕದಲ್ಲಿ ಕಾಶೀರಾಮ, ಹಿಂದೆ ಬೈಕಿನಲ್ಲಿ ಸಲಾವೋದ್ದೀನ. ಜನವಾಡ ದಾಟುತ್ತಿದ್ದಂತೆ ಬಾನೆಟ್‌ನಿಂದ ಹಬೆ ಎದ್ದಿತು. ಕಾಶೀರಾಮ ಇಳಿದು ಬೇವಿನ ನೆರಳಿಗೆ ಹೋಗಿ ಕುಳಿತರು.

“ಬಿಡಪಾ ಸಲಾವೋದ್ದೀನ, ಇದಕ್ಕ ನನ್ನಂಗ ವಯಸ್ಸಾಗ್ಯದ.”

“ವಯಸ್ಸಲ್ರಿ ಕಾಕಾ, ನಾ ಎಲ್ಲೋ ತಪ್ಪೇನಿ. ಹನ್ನೆರಡು ದಿನ ಅವ ಸಾಲಿ ಶುರು ಆಗ್ಲಿಕ್ಕ. ಅಷ್ಟು ದಿನ ಕೊಡ್ರಿ.”

ಕಾರು ಹಗ್ಗ ಕಟ್ಟಿಸಿಕೊಂಡು ಗ್ಯಾರೇಜಿಗೆ ಮರಳಿತು. ಆ ದಿನ ಗಂಡ ಊಟ ಮಾಡಲಿಲ್ಲ ಎಂದು ಫಕ್ರುನ್ನಿಸಾ ಹೇಳುತ್ತಾರೆ. ಮರುದಿನ ಎಂಜಿನ್ನಿನ ನೀರು ತಣಿಸುವ ರೇಡಿಯೇಟರಿನ ಮೇಲ್ಭಾಗ ಕತ್ತರಿಸಿದಾಗ ಒಳಗಿನ ಅರ್ಧದಷ್ಟು ಕೊಳವೆಗಳು ಸುಣ್ಣ ಕಟ್ಟಿ ಮುಚ್ಚಿದ್ದವು. “ಸೋರಂಗಿಲ್ಲ ಅಂತ ನಂಬಿ ಬರೇ ತೊಳೆದು ಬಿಟ್ಟಿದ್ದೆ. ತಪ್ಪು ನಂದೇ,” ಎನ್ನುತ್ತಾರೆ ಸಲಾವೋದ್ದೀನ. ಹೈದರಾಬಾದಿಗೆ ಹೋಗಿ, ಹೆಚ್ಚು ಕೊಳವೆಗಳ ಹೊಸ ಒಳಭಾಗ ಮಾಡಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು.

ಶಾಲೆ ಆರಂಭಕ್ಕೆ ಎರಡು ದಿನ ಮುಂಚೆ, ಬೇಕೆಂದೇ ನೆತ್ತಿ ಸುಡುವ ಬಿಸಿಲಿನಲ್ಲಿ, ಅದೇ ರಸ್ತೆ, ಸ್ಟೀರಿಂಗಿಗೆ ಮತ್ತೆ ಆಮ್ರಪಾಲಿ. ಈ ಸಲ ಹಬೆ ಏಳಲಿಲ್ಲ. ಔರಾದಿನ ಮನೆಯಂಗಳದಲ್ಲಿದ್ದ ಕಾಶೀರಾಮ ಕಾರು ಕಣ್ಣಿಗೆ ಬೀಳುವ ಮೊದಲೇ ಸದ್ದು ಗುರುತಿಸಿ ಎದ್ದು ನಿಂತರಂತೆ. ಕಾರು ನಿಂತದ್ದೇ ಹತ್ತಿ ಕುಳಿತರು. ಅಲ್ಲಿಂದ ಬೀದರ, ಬೀದರಿನಿಂದ ಭಾಲ್ಕಿ, ಮತ್ತೆ ಬೀದರ. ಗ್ಯಾರೇಜಿನ ಮುಂದೆ ಇಳಿದವರೇ ಮಗಳಿಗೆ ಹೇಳಿದರು: “ಆ ಸಾಹುಕಾರಗ ಫೋನ್ ಹಚ್ಚು. ಗಾಡಿಗಿ ನೌಕರಿ ಸಿಕ್ಕದ ಅಂತ ಹೇಳು.”

ಅಲ್ಲಿಂದ ಏಳು ತಿಂಗಳು, ಸುಮಾರು ಹನ್ನೊಂದು ಸಾವಿರ ಕಿಲೋಮೀಟರ್. “ಒಮ್ಮೆ ನಿಂತದ್ರಿ,” ಎಂದು ಆಮ್ರಪಾಲಿ ಗಂಭೀರವಾಗಿ ಹೇಳಿ, “ಪಂಕ್ಚರ್ ಆಗಿ,” ಎಂದು ನಗುತ್ತಾರೆ.

ಈ ಬೆಳಿಗ್ಗೆ ಏಳಕ್ಕೆ ಆಮ್ರಪಾಲಿ ಗ್ಯಾರೇಜಿಗೆ ಬಂದು ಟಿಫಿನ್ ಡಬ್ಬಿ ಸೀಟಿನ ಮೇಲಿಟ್ಟು, “ಚಾಚಾ, ಹೋಗ್ಲ್ಯಾ?” ಎನ್ನುತ್ತಾರೆ. ಸಲಾವೋದ್ದೀನ ಬಾನೆಟ್ ಮುಚ್ಚುತ್ತಾರೆ. ಓಣಿಯಲ್ಲಿ ಇಬ್ಬರು ಹುಡುಗಿಯರು ಮೊಬೈಲ್ ಹಿಡಿದು ಫೋಟೊ ತೆಗೆಯುತ್ತಾರೆ. ಕಾರು ತಿರುವಿನಲ್ಲಿ ಮರೆಯಾಗುತ್ತದೆ.

ಇನ್ನೇನು ಆಸೆ ಎಂದು ಕೇಳಿದೆ. ಸಲಾವೋದ್ದೀನ ಕೈ ಒರೆಸಿಕೊಳ್ಳುತ್ತ ಓಣಿಯ ತಿರುವಿನತ್ತ ನೋಡಿದರು.

“ಈಗ ಮಂದಿ ನಿಂತು ನೋಡ್ತಾರ್ರಿ, ಫೋಟೊ ತಗೀತಾರ. ಆ ನೋಡೋದು ನಿಂದ್ರಬೇಕು. ಗಾಡಿ ಹೋಗೋದು ಕಂಡು, ‘ಟೀಚರ್ ಸಾಲಿಗಿ ಹೊಂಟಾರ, ಟೈಮ್ ಆಯ್ತು’ ಅಂತ ತಮ್ಮ ಕೆಲಸಕ್ಕ ತಾವು ಏಳಬೇಕ್ರಿ. ಅಷ್ಟಾತಂದ್ರ ಗಾಡಿ ಖರೇ ರಿಪೇರಿ ಆದಂಗ.”