ಸ್ಟವ್ ಕೆಳಗಿನ ಬಾವಿ

ಅಮೆರಿಕನ್ ಕಾಂಗ್ರೆಸ್ಸಿನ ಪ್ರೈಮರಿಗೆ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಗೆ, ನಿಂತಿದ್ದ ಸಂಪ್ರದಾಯವಾದಿ ಅಭ್ಯರ್ಥಿಯೊಬ್ಬರು ಒಂದು ಮಧ್ಯಾಹ್ನ ಫೋರ್ಟ್ ಮಿಲ್ ಊರಿನ ನಮ್ಮ ಮನೆ ಬಾಗಿಲು ತಟ್ಟಿದರು. ಸೈನ್ಯದಲ್ಲಿದ್ದವರಂತೆ. ಟ್ಯಾಕ್ಸ್ ಇಳಿಸುತ್ತಾರಂತೆ, ವರ್ಕ್ ವೀಸಾ ನಿಲ್ಲಿಸುತ್ತಾರಂತೆ.

"ನಾನೇ ವರ್ಕ್ ವೀಸಾದವನು, ನನಗೆ ವೋಟಿಲ್ಲ," ಅಂದೆ.

"ಪರವಾಗಿಲ್ಲ. ನಾನು ಹುಟ್ಟಿದ ಮನೆ ಇಲ್ಲೇ ಇತ್ತು. ಒಳಗೆ ಬರಬಹುದಾ?"

ನೇರವಾಗಿ ಅಡುಗೆಮನೆಗೆ ಹೋಗಿ ಸ್ಟವ್ ಮುಂದೆ ನಿಂತರು. "ಇಲ್ಲಿ ಬಾವಿಯಿತ್ತು. ನನ್ನ ತಮ್ಮ ಬಿದ್ದು ಸತ್ತ ಮೇಲೆ ಅಪ್ಪ ಮುಚ್ಚಿಸಿದರು."

ಹೆಂಡತಿ ನನ್ನ ತೋಳು ಹಿಡಿದು ಕನ್ನಡದಲ್ಲಿ ಪಿಸುಗುಟ್ಟಿದಳು: "ನೆಲದಡಿ ನೀರು ಕಲಕಿದ ಸದ್ದು ಬರುತ್ತೆ ಅಂತ ನಾನಂದ್ರೆ ಫ್ರಿಜ್ ಸದ್ದು ಅಂತಿದ್ಯಲ್ಲ."

ಅವರಿಗೆ ಕನ್ನಡ ಬಾರದು. ಆದರೂ ತಲೆಯಾಡಿಸಿ, "ಮುಚ್ಚಿದ ಮೇಲೂ ನನಗೆ ಕೇಳುತ್ತಿತ್ತು," ಅಂದರು.

ಪ್ರೈಮರಿಯಲ್ಲಿ ಅವರೇ ಗೆದ್ದರು. ವೀಸಾ ಹೋದರೆ ಈ ಮನೆಯ ಕಾಟವಾದರೂ ತಪ್ಪುತ್ತೆ ಅಂತಾಳೆ ನನ್ನ ಹೆಂಡತಿ.